ನೂರಕ್ಕೆ ನೂರು ಮ್ಯಾಚ್ ಆಗಿದ್ದ ತಪ್ಪು

ಹೋದ ವಾರ ನಮ್ಮ ಅತ್ತೆ ಅವರೆಕಾಳು ಹಿಸುಕುತ್ತಾ ಕೂತಲ್ಲೇ ನನ್ನ ಅನುವಾದದಲ್ಲಿ ತಪ್ಪು ಹಿಡಿದರು.

ಯಡಿಯೂರಿನ ನಮ್ಮ ಮನೆಯ ಡೈನಿಂಗ್ ಟೇಬಲ್ಲೇ ನನ್ನ ಆಫೀಸು. ಮಾತ್ರೆ ಡಬ್ಬಿಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಆ ಚೀಟಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಈಚೆಗೆ ಮುಗಿಸಿದ್ದನ್ನೆಲ್ಲ ಅತ್ತೆಗೆ ಓದಿ ಹೇಳಿ, ಅವರಿಗೆ ಅರ್ಥವಾದರೆ ಮಾತ್ರ ಕಳಿಸುತ್ತೇನೆ.

ಮಾತ್ರೆಯ ಹೆಸರು ಹೇಳಿ, "ಊಟಕ್ಕೆ ಮುಂಚೆ ಒಂದು ಮಾತ್ರೆ ನುಂಗಿ" ಎಂದು ಓದಿದೆ.

ಅತ್ತೆಯ ಕೈ ನಿಂತಿತು.

"ಇದು ನಾನ್ ತಗೊಳ್ಳೋ ಶುಗರ್ ಮಾತ್ರೆ ಅಲ್ವೇನೇ? ಊಟ ಆದ್ಮೇಲೆ ಅಂತ ಡಾಕ್ಟ್ರು ಹೇಳಿದ್ದು. ಖಾಲಿ ಹೊಟ್ಟೇಲಿ ತಗೊಂಡು ನಾನ್ ಪಟ್ಟ ಪಾಡು ಮರ್ತೋಯ್ತಾ?"

ಇಂಗ್ಲಿಷ್ ನೋಡಿದೆ. ಊಟದ ನಂತರ ಎಂದೇ ಇತ್ತು.

ನಾವು ಬಳಸುವ ಸಾಫ್ಟ್‌ವೇರ್‌ಗೆ ಒಂದು ಮೆಮರಿ ಇದೆ. ತಂಡದಲ್ಲಿ ಯಾರೇ ಒಂದು ವಾಕ್ಯ ಅನುವಾದಿಸಿ ಓಕೆ ಒತ್ತಿದರೂ ನೆನಪಿಟ್ಟುಕೊಂಡು, ಅದೇ ಇಂಗ್ಲಿಷ್ ವಾಕ್ಯ ಮತ್ತೆ ಬಂದಾಗ ತಾನೇ ತುಂಬಿಕೊಡುತ್ತದೆ. ಪಕ್ಕದಲ್ಲಿ ನೂರಕ್ಕೆ ನೂರು ಮ್ಯಾಚ್ ಎಂದು ಹಸಿರು ಗುರುತು. ಹಸಿರು ಕಂಡರೆ ಯಾರೂ ಮತ್ತೆ ಓದುವುದಿಲ್ಲ, ಅದೇ ನಮ್ಮ ರೂಢಿ.

ಯಾರಪ್ಪಾ ಈ ಮಹಾನುಭಾವರು ಎಂದು ಬೈದುಕೊಳ್ಳುತ್ತಲೇ ಆ ವಾಕ್ಯದ ಮೇಲೆ ಕ್ಲಿಕ್ ಮಾಡಿದೆ.

ನನ್ನದೇ ಹೆಸರು... ಹೋದ ವರ್ಷದ ತಾರೀಕು.

ಆಗ, ಊಟಕ್ಕೆ ಮುಂಚೆ ನುಂಗುವ ಗ್ಯಾಸ್ ಮಾತ್ರೆಯ ಹಳೆಯ ವಾಕ್ಯವನ್ನು ಸಾಫ್ಟ್‌ವೇರ್ "ಹೆಚ್ಚುಕಮ್ಮಿ ಇದೇ" ಎಂದು ತೋರಿಸಿರುತ್ತದೆ. ಮುಂಚೆ ಎಂಬುದನ್ನು ಬದಲಿಸದೆ ಅವಸರದಲ್ಲಿ ಓಕೆ ಒತ್ತಿದ್ದೇನೆ. ಅತ್ತೆಗೆ ಓದಿ ಹೇಳುವ ಅಭ್ಯಾಸ ಆಗಿನ್ನೂ ಇರಲಿಲ್ಲ.

ಈ ಫೈಲಿನಲ್ಲಿ ತಿದ್ದಿ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರಿಗೆ ಕುತ್ತು, ಕೆಲಸಕ್ಕೂ ಕುತ್ತು.

ಆದರೆ ಆ ವಾಕ್ಯ ಇನ್ನೆಷ್ಟು ಚೀಟಿಗಳಲ್ಲಿ ಹೋಗಿ ಕೂತಿದೆಯೋ... ಯಾರ ಮನೆಯ ಅತ್ತೆ ಅದನ್ನು ನಂಬಿ ಖಾಲಿ ಹೊಟ್ಟೆಯಲ್ಲಿ ನುಂಗುತ್ತಾರೋ?

ಕೆಲಸ ಹಂಚುವ ಶ್ವೇತಾಗೆ ಫೋನ್ ಮಾಡಿ, ತಪ್ಪು ನನ್ನದೇ, ಎಲ್ಲೆಲ್ಲಿ ಹೋಗಿದೆ ಹುಡುಕಿಸು ಎಂದೆ. "ಸರಿ ಮೇಡಂ, ನೋಡ್ತೀನಿ" ಎಂದಷ್ಟೇ ಹೇಳಿ ಇಟ್ಟಳು.

ಎರಡು ದಿನ ಫೋನಿಲ್ಲ, ಇ-ಮೇಲೂ ಇಲ್ಲ. ಹಿತಕಿದ ಬೇಳೆ ಸಾರು ಬಡಿಸಿಕೊಂಡೂ ಫೋನನ್ನೇ ನೋಡುತ್ತಾ ಕೂತಿದ್ದೆ. "ಹೇಳಿದ್ದು ಒಳ್ಳೇದೇ ಆಯ್ತು, ಸುಮ್ನೆ ಊಟ ಮಾಡು" ಎಂದು ಅತ್ತೆ ಗದರಿದರು.

ಮೂರನೇ ದಿನ ಶ್ವೇತಾ ಫೋನ್ ಮಾಡಿದಳು.

"ಮೇಡಂ, ಹೋದ ವರ್ಷದ ಚೀಟೀನ ಪ್ರಿಂಟ್‌ಗೆ ಮುಂಚೆ ಪ್ರೂಫ್ ನೋಡುವಾಗ್ಲೇ ಸರಿ ಮಾಡಿದ್ರಂತೆ, ನಮ್ಮ ಮೆಮರೀಲಿ ಮಾತ್ರ ಹಂಗೇ ಉಳ್ಕೊಂಡಿತ್ತು. ಇನ್ನೆರಡು ಚೀಟಿ ಪ್ರಿಂಟ್‌ಗೆ ಹೊರಟಿದ್ವು, ನಿಲ್ಸಿದೀವಿ. ತಪ್ಪನ್ನ ತಾವಾಗೇ ಹೇಳಿದೋರೇ ಸರಿ, ಇನ್ಮೇಲೆ ಕನ್ನಡದ ಮೆಮರಿ ಪೂರ್ತಿ ನೀವೇ ನೋಡ್ಕೋಬೇಕು ಅಂತ ಬಾಸ್ ಹೇಳಿದಾರೆ."

ಮುಚ್ಚುಮರೆ ಏಕೆ, ಬಹಳ ಹೆಮ್ಮೆಯಾಯಿತು. ಅತ್ತೆಯಂತೂ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಹೋಗುವ ಗುಂಪಿಗೆಲ್ಲ "ಸೊಸೆಗೆ ಪ್ರಮೋಷನ್ ಕೊಡ್ಸಿದ್ದು ನಾನೇ" ಎಂದು ಹೇಳಿಕೊಂಡು ಬಂದಿದ್ದಾರೆ. ಸುಳ್ಳೇನಲ್ಲ.

ಇವತ್ತು ಆ ವಾಕ್ಯವನ್ನು ಮತ್ತೆ ತೆರೆದು ನೋಡುತ್ತಿದ್ದೇನೆ. "ಊಟ ಆದ ಮೇಲೆ ಒಂದು ಮಾತ್ರೆ ನುಂಗಿ." ಪಕ್ಕದಲ್ಲಿ ನನ್ನದೇ ಹೆಸರು, ಹೊಸ ತಾರೀಕು.

ನಿಮ್ಮ ಹಳೆಯ ತಪ್ಪು ನಿಮ್ಮದೇ ಹೆಸರಿನಲ್ಲಿ ಎದುರಿಗೆ ಬಂದು ನಿಂತದ್ದುಂಟೇ? ಆಗ ನೀವು ಏನು ಮಾಡಿದಿರಿ?