ದಾನಪತ್ರದ ಎರಡನೇ ಹಾಳೆ

2011ನೇ ಇಸವಿ, ಅಕ್ಟೋಬರ್ ತಿಂಗಳು. ಗದಗ ಬೇರೆ ಜಿಲ್ಲೆಯಾಗಿ ಹದಿನಾಲ್ಕು ವರ್ಷ ಆಗಿತ್ತು. ಶಿರಹಟ್ಟಿಯಲ್ಲಿ ದಸ್ತಾವೇಜು ಬರೆಯುವ ಕೆಲಸದಲ್ಲಿ ನನಗದು ಇಪ್ಪತ್ಮೂರನೇ ವರ್ಷ. ಕಾಗದಗಳಲ್ಲಿ ನಮ್ಮನ್ನು ದಸ್ತಾವೇಜು ಬರಹಗಾರ ಎನ್ನುತ್ತಾರೆ, ಜನರ ಬಾಯಲ್ಲಿ ಬಾಂಡ್ ರೈಟರ್. ಖರೀದಿಪತ್ರ, ಪಾಲು ಹಂಚುವ ವಾಟಣಿಪತ್ರ, ದಾನಪತ್ರ ಹೀಗೆ ನೋಂದಣಿಗೆ ಹೋಗುವ ಕಾಗದಗಳನ್ನು ಕಾನೂನಿಗೆ ಒಪ್ಪುವಂತೆ ಬರೆದು ಸಿದ್ಧ ಮಾಡುವುದು ನಮ್ಮ ಕೆಲಸ.

ನನ್ನ ಅಕ್ಷರ ಚೆನ್ನಾಗಿತ್ತು. ಆ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವೂ ಇತ್ತು. ಆದರೆ ಕಂಪ್ಯೂಟರ್ ಬಂದ ಮೇಲೆ ಕೈಬರಹದ ಪತ್ರ ಕೊಟ್ಟರೆ ಜನ ಅನುಮಾನದಿಂದ ನೋಡತೊಡಗಿದರು. ಹೀಗಾಗಿ ನಾನು ಮನೆಯಲ್ಲಿ ಕರಡು ಬರೆಯುವುದು, ಓಣಿಯ ಮೂಲೆಯಲ್ಲಿದ್ದ ಬಸವರಾಜನ ಜೆರಾಕ್ಸ್ ಅಂಗಡಿಗೆ ಒಯ್ಯುವುದು, ಅವನು ಟೈಪ್ ಮಾಡಿ ಪ್ರಿಂಟ್ ತೆಗೆಯುವುದು, ನಾನು ನಿಂತು ತಿದ್ದಿಸುವುದು, ಇದೇ ರೂಢಿಯಾಯಿತು. ನಿಲ್ಲುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಮುಂದೆ ಹಾಲ್ ಟಿಕೆಟ್ ತೆಗೆಸುವ ಹುಡುಗಿಯರ ಸಾಲು, ಹಿಂದೆ ರೇಷನ್ ಕಾರ್ಡ್ ಜೆರಾಕ್ಸಿನವರು, ನಡುವೆ ಕರೆಂಟ್ ಹೋಗುವುದು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ.

ಒಂದು ವರ್ಷದಿಂದ ಮನೆಗೆ ಪ್ರಿಂಟರ್ ತರುವ ವಿಚಾರ ತಲೆಯಲ್ಲಿ ಕೊರೆಯುತ್ತಿತ್ತು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕಂಪ್ಯೂಟರ್ ಮನೆಯಲ್ಲಿತ್ತು. ಆದರೆ ನನ್ನ ಕೆಲಸದ ಲೆಕ್ಕವೇ ವಿಚಿತ್ರ. ಕೆಲವು ವಾರ ದಿನಕ್ಕೆ ಆರು ಪತ್ರ, ಕೆಲವು ವಾರ ಒಂದೂ ಇಲ್ಲ. ಮಷಿನ್ ಸುಮ್ಮನೆ ಕೂತರೆ ಇಂಕ್ ಒಣಗುತ್ತದೆ ಎಂದು ತಿಳಿದವರು ಹೇಳಿದ್ದರು. ತರಬೇಕು ಎಂದು ಬೆಳಿಗ್ಗೆ ನಿಶ್ಚಯಿಸುತ್ತಿದ್ದೆ, ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಬೇಡವಾಗಿರುತ್ತಿತ್ತು.

"ತರೂದಿದ್ರ ತರ್ರಿ, ಇಲ್ಲಂದ್ರ ಬಿಡ್ರಿ. ದಿನಾ ನನ್ನ ತಲಿ ಮಾತ್ರ ತಿನ್ನಬ್ಯಾಡ್ರಿ" ಎಂದು ಹೆಂಡತಿ ಕಮಲಾ ಕೈಮುಗಿದಿದ್ದಳು.

ಇಂಥ ಹೊತ್ತಿನಲ್ಲಿ ಒಂದು ಬುಧವಾರ ಲಕ್ಷ್ಮೇಶ್ವರದಿಂದ ಖೈರುನ್‌ಬಿ ಎಂಬ ಅರವತ್ತರ ವಿಧವೆ ನನ್ನ ಮೇಜಿನ ಮುಂದೆ ಬಂದು ಕುಳಿತರು. ಗಂಡ ಬಳೆ ವ್ಯಾಪಾರ ಮಾಡುತ್ತಿದ್ದರಂತೆ. ಮಕ್ಕಳಿಲ್ಲ. ತೀರಿಹೋದ ತಂಗಿಯ ಮಗಳು ಶಬಾನಾಳನ್ನು ಎರಡು ವರ್ಷದವಳಿದ್ದಾಗಿನಿಂದ ಸಾಕಿದ್ದರು. ಈಗ ಅವಳಿಗೆ ಇಪ್ಪತ್ತಾರು, ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಖೈರುನ್‌ಬಿ ಹೆಸರಿನಲ್ಲಿ ಎರಡು ಖೋಲಿಯ ಒಂದು ಮನೆಯಿತ್ತು. ಅದನ್ನು ಶಬಾನಾಳ ಹೆಸರಿಗೆ ದಾನಪತ್ರ ಮಾಡಿಸಬೇಕಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮುಸ್ಲಿಂ ಕಾನೂನಿನಲ್ಲಿ ಸಾಕುಮಗಳಿಗೆ ವಾರಸಾ ಹಕ್ಕಿಲ್ಲ. ಉಯಿಲು ಬರೆದರೂ, ವಾರಸುದಾರರು ಒಪ್ಪದಿದ್ದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ದಕ್ಕುವುದಿಲ್ಲ. ಪೂರ್ತಿ ಮನೆ ಕೊಡಬೇಕೆಂದರೆ ಬದುಕಿದ್ದಾಗಲೇ ದಾನ ಮಾಡಿ ವಶಕ್ಕೆ ಕೊಡಬೇಕು. ಇಲ್ಲದಿದ್ದರೆ ಆ ಮನೆ ಖೈರುನ್‌ಬಿಯ ತಮ್ಮ ರಾಜೇಸಾಬನಿಗೆ ಹೋಗುತ್ತಿತ್ತು. ಖೈರುನ್‌ಬಿ ಮುಂದಿನ ವಾರ ಗುರುವಾರ ಹಜ್ ಯಾತ್ರೆಗೆ ಹೊರಡುವವರಿದ್ದರು. ಆಗಿನ ನಿಯಮದಂತೆ ಹೆಂಗಸರು ಗಂಡ ಇಲ್ಲವೆ ಹತ್ತಿರದ ರಕ್ತಸಂಬಂಧಿ ಗಂಡಸಿನ ಜೊತೆಯಿಲ್ಲದೆ ಹಜ್‌ಗೆ ಹೋಗುವಂತಿರಲಿಲ್ಲ. ಜೊತೆಗೆ ಹೊರಟಿದ್ದವನು ಅದೇ ರಾಜೇಸಾಬ.

"ಅವಗ ಖಬರ ಆದ್ರ ಸಿಟ್ಟಿಗೆದ್ದು ನಾ ಬರಂಗಿಲ್ಲ ಅಂತಾನ್ರಿ. ಅವ ಬರಲಿಲ್ಲಂದ್ರ ನನ್ನ ಹಜ್ ಇಲ್ಲ. ಹೊಳ್ಳಿ ಬಂದ ಮ್ಯಾಲೆ ನಾನ ಹೇಳ್ತೇನಿ. ಅಲ್ಲೀತನಕ ಯಾರಿಗೂ ಗೊತ್ತಾಗಬಾರದು, ರೈಟರ್ ಸಾಹೇಬ್ರ."

"ನನ್ನ ಕಡಿಂದ ಒಂದು ಅಕ್ಷರ ಹೊರಗ ಹೋಗೂದಿಲ್ಲ, ಅಮ್ಮಾರ" ಎಂದೆ. ಬಹಳ ಠೀವಿಯಿಂದಲೇ ಎಂದೆ.

ಸೋಮವಾರ ನೋಂದಣಿ ಎಂದು ಗೊತ್ತುಮಾಡಿಕೊಂಡೆವು. ಶುಕ್ರವಾರ ಬಸವರಾಜನ ಅಂಗಡಿಯಲ್ಲಿ ನಾಲ್ಕು ಹಾಳೆಯ ಪತ್ರ ಪ್ರಿಂಟ್ ಆಯಿತು. ಓದಿ ನೋಡಿದರೆ ಚಕಬಂದಿ ತಪ್ಪಾಗಿತ್ತು. ಚಕಬಂದಿ ಎಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಏನಿದೆ ಎಂಬ ವಿವರ. ಪೂರ್ವದ್ದು ಪಶ್ಚಿಮಕ್ಕೆ ಬಂದಿತ್ತು. ತಿದ್ದಿಸಿ ಮತ್ತೆ ತೆಗೆಸಿದೆ. ಕೆಟ್ಟ ನಾಲ್ಕು ಹಾಳೆಗಳನ್ನು ಬಸವರಾಜ ಕಾಲ ಬಳಿಯ ಬುಟ್ಟಿಗೆ ಹಾಕಿದ. ನಾನು ಅತ್ತ ನೋಡಲೂ ಇಲ್ಲ.

ಮರುದಿನ ಬೆಳಿಗ್ಗೆ ಗಂಗವ್ವನ ಅಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಅವಳ ಅಂಗಡಿ ಬಸವರಾಜನ ಅಂಗಡಿಗೆ ಗೋಡೆ ಹಚ್ಚಿಯೇ ಇದೆ. ಎರಡು ಮಿರ್ಚಿ ಮುಗಿದು ಕೈಯಲ್ಲಿನ ಕಾಗದ ಕಂಡಾಗ ಅದರ ಮೇಲೆ ಯಾರದೋ ಬಾಡಿಗೆ ಕರಾರು ಇತ್ತು. ಹೆಸರು, ಊರು, ಅಡ್ವಾನ್ಸ್ ಎಲ್ಲ ಎಣ್ಣೆಯಲ್ಲಿ ಇನ್ನೂ ಸ್ಪಷ್ಟವಾಗಿ ಹೊಳೆಯುತ್ತಿದ್ದವು.

"ಗಂಗವ್ವ, ಈ ಹಾಳಿ ಎಲ್ಲಿಂದ ಬಂತು?"

"ಬಸವರಾಜ ಕೊಡ್ತಾನ್ರಿ. ಪೇಪರಿನ ಮಸಿ ಮಿರ್ಚಿಗೆ ಹತ್ತತೈತಿ, ಇದರದ್ದು ಹತ್ತೂದಿಲ್ಲ. ವರ್ಷಾತು ಹಿಂಗ ಕೊಡಾಕ ಹತ್ತಿ."

ನಿನ್ನೆ ಬುಟ್ಟಿಗೆ ಬಿದ್ದ ನನ್ನ ನಾಲ್ಕು ಹಾಳೆಗಳು ನೆನಪಾದವು. ಅವಳ ಕಟ್ಟನ್ನು ಎಳೆದುಕೊಂಡು ಹುಡುಕಿದೆ. ಒಂದನೇ ಹಾಳೆ ಸಿಕ್ಕಿತು, ಮೂರು ಮತ್ತು ನಾಲ್ಕನೆಯವೂ ಸಿಕ್ಕವು. ಎರಡನೆಯದು ಇರಲಿಲ್ಲ. ಕೊಡುವವರ ಹೆಸರು, ಪಡೆಯುವವಳ ಹೆಸರು, ಲಕ್ಷ್ಮೇಶ್ವರದ ಮನೆಯನ್ನು ಪ್ರೀತಿ ವಿಶ್ವಾಸದಿಂದ ದಾನ ಕೊಟ್ಟಿದ್ದೇನೆ ಎಂಬ ಮಾತು, ಎಲ್ಲ ಇದ್ದದ್ದು ಆ ಹಾಳೆಯಲ್ಲೇ. ಗಂಗವ್ವನ ಅಂಗಡಿ ಇರುವುದು ಬಸ್ ಸ್ಟ್ಯಾಂಡಿನ ದಾರಿಯಲ್ಲಿ. ಲಕ್ಷ್ಮೇಶ್ವರದ ಬಸ್ ಹತ್ತುವವರು ಅಲ್ಲೇ ಮಿರ್ಚಿ ಕಟ್ಟಿಸಿಕೊಳ್ಳುತ್ತಾರೆ.

ಆ ದಿನ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ, ಚರಂಡಿಯ ದಂಡೆಯಲ್ಲಿ, ತಿಪ್ಪೆಯಲ್ಲಿ ಎಣ್ಣೆ ಹಾಳೆಗಳನ್ನು ಹೆಕ್ಕಿ ಹೆಕ್ಕಿ ಬಿಚ್ಚಿ ನೋಡಿದೆ. ನಿಂತ ಬಸ್ಸು ಹತ್ತಿ ಸೀಟಿನ ಕೆಳಗೂ ಬಗ್ಗಿದೆ. ಏನು ಕಳೆದುಕೊಂಡಿರಿ ಎಂದು ಕೇಳಿದ ಕಂಡಕ್ಟರನಿಗೆ ಏನೂ ಇಲ್ಲ ಎಂದು ಗದರಿಸಿದೆ. ನಂತರ ಬಸವರಾಜನ ಅಂಗಡಿಗೆ ನುಗ್ಗಿ ಗಿರಾಕಿಗಳ ಎದುರಿಗೇ ಬಾಯಿಗೆ ಬಂದಂತೆ ಅಂದೆ. ಅವನು ಒಂದೇ ಮಾತು ಹೇಳಿದ: "ನೀವು ಒಂದಿನಾನೂ ಆ ಹಾಳಿ ಕೊಡು ಅಂತ ಕೇಳಿಲ್ಲಲ್ರೀ."

ಅದು ಖರೆ ಮಾತೇ ಆಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಒಂದು ಹಾಳೆ ಕೆಟ್ಟರೆ ನಾನೇ ಹರಿದು ಜೇಬಿಗೆ ಹಾಕಿಕೊಂಡು, ಮನೆಗೆ ಬಂದು ಒಲೆಗೆ ಹಾಕುತ್ತಿದ್ದೆ. ಪ್ರಿಂಟ್ ಆದ ಹಾಳೆ ನನ್ನದು ಎಂದು ನನಗೆ ಅನಿಸುವುದೇ ನಿಂತುಹೋಗಿತ್ತು.

ಭಾನುವಾರ ಮೊದಲ ಬಸ್ಸಿಗೇ ಗದಗಿಗೆ ಹೋಗಿ ಪ್ರಿಂಟರ್ ತಂದೆ. ಒಂದು ವರ್ಷ ತೂಗಿದ ವಿಚಾರ ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಅಂಗಡಿಯವನು ಇಂಕ್‌ಜೆಟ್ಟೋ ಲೇಸರ್ರೋ ಎಂದು ಕೇಳಿದಾಗ ಹಗುರವಾಗಿದ್ದುದನ್ನು ಕಟ್ಟಿಕೊಡಲು ಹೇಳಿದೆ. ಎರಡು ಬೆರಳಿನಿಂದ ಇಡೀ ಮಧ್ಯಾಹ್ನ ಟೈಪ್ ಮಾಡಿ, ನಾಲ್ಕು ದಪ್ಪ ಹಾಳೆಗಳ ಮೇಲೆ ದಾನಪತ್ರ ತೆಗೆದೆ. ಕಮಲಾ ಬಾಗಿಲಲ್ಲಿ ನಿಂತು ನೋಡಿದಳು.

"ಅಂತೂ ತಂದ್ರಿ. ಮತ್ಯಾಕ ಮಾರಿ ಸಪ್ಪಗ ಐತಿ?"

ನಾನು ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿದೆ. ಅಕ್ಷರಗಳು ಕಪ್ಪಾಗಿ, ಚೆಂದಾಗಿ ಬಂದಿದ್ದವು. ಆದರೆ ಲಕ್ಷ್ಮೇಶ್ವರದಲ್ಲಿ ಯಾವ ಮನೆಯ ಕಟ್ಟೆಯ ಮೇಲೆ ಆ ಎರಡನೇ ಹಾಳೆ ಬಿಚ್ಚಿಕೊಂಡಿದೆಯೋ ಎಂಬ ಚಿಂತೆಯಲ್ಲಿ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ.

ಸೋಮವಾರ ಹತ್ತು ಗಂಟೆಗೆ ತಾಯಿ ಮಗಳು ಬಂದರು. ಖೈರುನ್‌ಬಿಯ ಮುಖದಲ್ಲಿ ನಿರಾಳವಿತ್ತು. ರಾಜೇಸಾಬನಿಗೆ ಇನ್ನೂ ಗೊತ್ತಾಗಿಲ್ಲ ಎಂದು ತಿಳಿದುಕೊಂಡೆ. ಏನೂ ಹೇಳುವುದು ಬೇಡ, ಕೆಲಸ ಮುಗಿದುಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಪತ್ರವನ್ನು ಶಬಾನಾಳ ಕೈಗೆ ಕೊಟ್ಟೆ. ನೋಂದಣಿ ಕಚೇರಿಯ ಮುಂದೆ ಒಂದು ಗಂಟೆ ಬಿಸಿಲಲ್ಲಿ ಸರದಿ ಕಾದೆವು. ಹುಡುಗಿ ಗಾಬರಿಯಲ್ಲಿ ಅದನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.

ಒಳಗೆ ಪತ್ರ ಬಿಚ್ಚಿದಾಗ ಬೆವರಿನ ಕೈಗೆ ಅಕ್ಷರಗಳು ಕಲಸಿಹೋಗಿದ್ದವು. ಇಂಕ್‌ಜೆಟ್ ಎಂದರೆ ನೀರಿನಂಥ ಮಸಿ, ನುಣುಪಾದ ದಪ್ಪ ಹಾಳೆ ಅದನ್ನು ಕುಡಿಯುವುದಿಲ್ಲ. ಲೇಸರ್ ಮಷಿನ್ನಿನಲ್ಲಿ ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುತ್ತಾರೆ, ಅದು ಬೆವರಿಗೆ ಜಗ್ಗುವುದಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಹೀಗಿದ್ದರೆ ಸ್ಕ್ಯಾನ್‌ನಲ್ಲಿ ಬರುವುದಿಲ್ಲ, ಹೊಸದಾಗಿ ತೆಗೆಸಿಕೊಂಡು ಬನ್ನಿ ಎಂದು ನೋಂದಣಿ ಅಧಿಕಾರಿ ಹೇಳಿದರು. ಅವರ ಮಾತು ಸರಿಯೇ ಇತ್ತು. ಮನೆಯ ಪ್ರಿಂಟರಿನಲ್ಲಿ ತೆಗೆದದ್ದು ಎಂದು ಬಾಯಿಬಿಟ್ಟೆ.

ಹೊರಗೆ ಬೇವಿನ ಗಿಡದ ಕೆಳಗೆ ಖೈರುನ್‌ಬಿ ಕುಳಿತು ನನ್ನನ್ನೇ ನೋಡಿದರು. "ಅಂಗಡ್ಯಾಗ ಮಾಡಸ್ತೇನಿ ಅಂದಿದ್ರೆಲ್ಲ? ಮನ್ಯಾಗ ಯಾಕ ತಗದ್ರಿ?"

ಸುಳ್ಳು ಬಾಯಿ ತುದಿಗೆ ಬಂದಿತ್ತು. ಹೇಗೋ ಖರೆ ಹೊರಬಿತ್ತು. ಬಸವರಾಜನ ಬುಟ್ಟಿ, ಗಂಗವ್ವನ ಮಿರ್ಚಿ, ಸಿಗದೆ ಹೋದ ಹಾಳೆ, ಎಲ್ಲ ಹೇಳಿದೆ. ಅವನು ಹೀಗೆ ಮಾಡಿದ, ಇವಳು ಹಾಗೆ ಮಾಡಿದಳು ಎಂದು ಬಹಳ ಹೇಳಿದೆ.

ಶಬಾನಾ ಅಳತೊಡಗಿದಳು. "ಅಮ್ಮಾ, ನನಗ ಮನಿ ಬ್ಯಾಡ. ನಡಿ ಊರಿಗೆ. ನೀ ಹಜ್‌ಗೆ ಹೋಗಿ ಬಾ, ಸಾಕು."

ಖೈರುನ್‌ಬಿ ಅವಳ ಕಣ್ಣೊರೆಸಿದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು. "ಹೊಸಾ ಹಾಳಿ ತಗಸ್ರಿ. ಇವತ್ತ ರಜಿಸ್ಟರ್ ಆಗ್ಲಿ. ಸಂಜಿಮುಂದ ನೀವೂ ನನ್ನ ಜೋಡಿ ಬಂದು ರಾಜೇಸಾಬನ ಮುಂದ ಪತ್ರ ಓದ್ರಿ. ಮಿರ್ಚಿ ಕಾಗದದಾಗ ಗೊತ್ತಾಗೂದಕಿಂತ ನನ್ನ ಎದುರಿಗೆ ಗೊತ್ತಾಗ್ಲಿ."

ಶನಿವಾರ ಬೈದು ಬಂದಿದ್ದ ಅಂಗಡಿಗೇ ಮತ್ತೆ ಹೋಗಿ ನಿಂತೆ. ಬಸವರಾಜ ಏನೂ ಕೆದಕಲಿಲ್ಲ, ಸರದಿಯಲ್ಲಿದ್ದವರನ್ನು ಬಿಟ್ಟು ನನ್ನದೇ ಮೊದಲು ತೆಗೆದ. ಒಂದು ಹಾಳೆ ಸೊಟ್ಟ ಬಂತು. ಅದು ಬುಟ್ಟಿ ಮುಟ್ಟುವ ಮೊದಲೇ ಕೈ ಹಾಕಿ ತೆಗೆದುಕೊಂಡೆ. ನಾಲ್ಕೂವರೆಗೆ ನೋಂದಣಿ ಮುಗಿಯಿತು.

ಸಂಜೆ ರಾಜೇಸಾಬನ ಮನೆಯ ಪಡಸಾಲೆಯಲ್ಲಿ ಕುಳಿತು ನಾಲ್ಕು ಹಾಳೆಗಳನ್ನೂ ಓದಿದೆ. ಐವತ್ತೈದರ ಆ ಗಟ್ಟಿ ಆಳು ಕೊನೆಯವರೆಗೂ ನೆಲ ನೋಡುತ್ತ ಕುಳಿತಿದ್ದ. ಅಕ್ಕ ತಮ್ಮ ಉರ್ದುವಿನಲ್ಲಿ ಎರಡು ಬಿರುಸು ಮಾತಾಡಿದರು. ನಂತರ ಅವನು ನನಗೂ ತಿಳಿಯಲಿ ಎಂಬಂತೆ ಕನ್ನಡದಲ್ಲೇ ಹೇಳಿದ: "ಶಬಾನಾ ನನಗೂ ಸೊಸಿ ಅಲ್ಲೇನು? ನನ್ನ ತಂಗಿ ಮಗಳಲ್ಲೇನು? ನಾ ಬ್ಯಾಡ ಅಂತೇನಿ ಅಂತ ನೀನ ತಿಳಕೊಂಡಿ. ಅಂತಿದ್ನೋ ಏನೋ. ಆದ್ರೂ ಒಂದು ಮಾತು ಕೇಳಬೇಕಾಗಿತ್ತು."

ಗುರುವಾರ ಜೊತೆಗೆ ಬರುತ್ತೀಯಾ ಎಂದು ಖೈರುನ್‌ಬಿ ಕೇಳಿದರು. ಅವನು ಎದ್ದು ಒಳಗೆ ಹೋದ.

ಎರಡು ದಿನ ನಾನು ಒಂದು ಕಾಗದವನ್ನೂ ನೆಟ್ಟಗೆ ಬರೆಯಲಿಲ್ಲ. ಗುರುವಾರ ಯಾರೂ ಕರೆಯದಿದ್ದರೂ ಲಕ್ಷ್ಮೇಶ್ವರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಓಣಿಯ ಮಂದಿಯೆಲ್ಲ ನೆರೆದಿದ್ದರು. ಹಜ್‌ಗೆ ಹೋಗುವವರು ಗುರುತಿನವರೆಲ್ಲರ ಹತ್ತಿರ ಮಾಫಿ ಕೇಳಿಯೇ ಹೊರಡಬೇಕು. ಖೈರುನ್‌ಬಿ ಒಬ್ಬೊಬ್ಬರ ಕೈ ಹಿಡಿದು ಕೇಳುತ್ತಿದ್ದರು, ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ಬಸ್ಸಿನ ಇಂಜಿನ್ ಶುರುವಾದ ಮೇಲೆ ರಾಜೇಸಾಬ ಬಂದ. ಯಾರ ಮುಖವನ್ನೂ ನೋಡದೆ, ತನ್ನ ಚೀಲದ ಜೊತೆ ಅಕ್ಕನ ಚೀಲವನ್ನೂ ಎತ್ತಿಕೊಂಡು ಬಸ್ಸು ಹತ್ತಿದ.

ಖೈರುನ್‌ಬಿ ಕಣ್ಣೊರೆಸಿಕೊಂಡು ನನ್ನ ಮುಂದೆ ಬಂದು ಕೈ ಜೋಡಿಸಿದರು. "ರೈಟರ್ ಸಾಹೇಬ್ರ, ನನ್ನಿಂದ ಏನಾರ ತ್ರಾಸ ಆಗಿದ್ರ ಮಾಫ್ ಮಾಡ್ರಿ."

ಆಗ ನನಗೆ ಹೊಳೆಯಿತು. ಬೇವಿನ ಗಿಡದ ಕೆಳಗೆ ಅಷ್ಟೆಲ್ಲ ಹೇಳಿದ್ದೆ, ಎಲ್ಲರ ತಪ್ಪನ್ನೂ ಹೇಳಿದ್ದೆ, ನನ್ನ ತಪ್ಪು ಎಂದು ಮಾತ್ರ ಅಂದಿರಲಿಲ್ಲ.

"ತಪ್ಪು ನಂದ್ರಿ, ಅಮ್ಮಾರ. ಬಸವರಾಜಂದಲ್ಲ, ಯಾರದೂ ಅಲ್ಲ" ಎಂದೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ಆ ಮಾತು ಅವರಿಗೆ ಕೇಳಿಸಿತೋ ಇಲ್ಲವೋ, ಇಂಜಿನ್ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ.

ನಿವೃತ್ತಿಯಾಗುವವರೆಗೂ ಪತ್ರಗಳನ್ನು ಬಸವರಾಜನ ಅಂಗಡಿಯಲ್ಲೇ ತೆಗೆಸಿದೆ. ಮಷಿನ್ ಯಾರ ಮನೆಯಲ್ಲಿದೆ ಎಂಬ ಲೆಕ್ಕಕ್ಕೆ ನಾನು ಒಂದು ವರ್ಷ ಹಾಳುಮಾಡಿದ್ದೆ. ಕೆಟ್ಟ ಹಾಳೆ ಯಾರ ಕೈಯಲ್ಲಿ ಉಳಿಯಿತು ಎಂದು ಕೇಳುವುದು ಒಂದು ನಿಮಿಷದ ಕೆಲಸ, ಅದನ್ನು ಮಾಡಿರಲಿಲ್ಲ. ಆಮೇಲೆ ಕೊನೆಯ ಹಾಳೆ ಕೈಗೆ ಬರುವವರೆಗೂ ಅಲ್ಲೇ ನಿಂತೆ. ಕಾಲು ನೋಯುತ್ತಿತ್ತು, ನಿಂತೆ. ಆ ಎರಡನೇ ಹಾಳೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ನಂಬಿ ಬಂದವರ ಗುಟ್ಟು ನಮ್ಮ ಕೈಯಿಂದ ಜಾರಿದರೆ, ಅವರೇ ಕೈ ಜೋಡಿಸಿ ನಿಲ್ಲುವ ಮೊದಲು ನಾವು ಜೋಡಿಸಿರಬೇಕು.