ಹತ್ತು ನಿಮಿಷ ಕೇಳಿದ ಟೀಚರಮ್ಮ

ಹೋದ ತಿಂಗಳು ಮೈಸೂರಿನಲ್ಲಿ ಮೊಮ್ಮಗಳ ಬ್ಯಾಲೆ ಕ್ಲಾಸಿಗೆ ಜೊತೆಯಲ್ಲಿ ಹೋಗಿದ್ದೆ. ನಾಲ್ಕು ಜನ ತಾಯಂದಿರು, ಒಬ್ಬರು ಅಜ್ಜ, ನಾನು ಬೆಂಚಿನ ಮೇಲೆ ಕೂತಿದ್ದೆವು. ಎದುರಿಗೆ ಗೋಡೆಯುದ್ದಕ್ಕೂ ಮರದ ಕಂಬಿ. ಮಕ್ಕಳು ಅದನ್ನು ಹಗುರವಾಗಿ ಹಿಡಿದು ಹಿಮ್ಮಡಿ ಎತ್ತಿ ಇಳಿಸುತ್ತಿದ್ದವು, ಮೊಣಕಾಲು ಮಡಿಸಿ ನಿಧಾನವಾಗಿ ಏಳುತ್ತಿದ್ದವು. ನೋಡುತ್ತಾ ನೋಡುತ್ತಾ ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖ ನೋಡಿ ಪಕ್ಕದ ಹೆಂಗಸು, ನೀರು ಬೇಕಾ ಎಂದು ಕೇಳಿದಳು. ನೀರಿಗೆ ಆರುವ ಉರಿಯಲ್ಲ ಅದು...

ಎಪ್ಪತ್ತನೇ ಇಸವಿಯ ಸುಮಾರಿನಲ್ಲಿ ಬೆಟ್ಟದಪುರದ ಹತ್ತಿರದ ನಮ್ಮೂರಿಗೆ ಹೊಗೆಸೊಪ್ಪಿನ ಕಂಪನಿಯ ಸಾಹೇಬರೊಬ್ಬರು ಬಂದರು. ಅವರ ಹೆಂಡತಿಯನ್ನು ನಾವು ಟೀಚರಮ್ಮ ಎನ್ನುತ್ತಿದ್ದೆವು. ಬೊಂಬಾಯಿಯಲ್ಲಿ ಬ್ಯಾಲೆ ಕಲಿತು ಬಂದವರು. ಸೊಪ್ಪು ಬೇಯಿಸುವ ಕಾಲ ಮುಗಿದು, ಬೇಯಿಸುವ ಗೂಡಾದ ಬ್ಯಾರನ್ ಪಕ್ಕದ ಶೆಡ್ಡು ಖಾಲಿಯಾದಾಗ, ಬಿದಿರು ಗಳವೊಂದನ್ನು ಎರಡು ಕಂಬಗಳ ನಡುವೆ ಸೊಂಟದೆತ್ತರಕ್ಕೆ ಕಟ್ಟಿಸಿ ನಮ್ಮನ್ನು, ಆರು ಹುಡುಗಿಯರನ್ನು, ನಿಲ್ಲಿಸಿದರು. ಒಂದು ಗಂಟೆಯ ಪಾಠದಲ್ಲಿ ಅರ್ಧ ಗಂಟೆ ಗಳ ಹಿಡಿದೇ ಕಳೆಯಬೇಕು. "ಹಿಂಡಬೇಡ್ರೇ, ಅದೇನು ಎಮ್ಮೆ ಕೆಚ್ಚಲಾ? ಬೆರಳಿಟ್ಟರೆ ಸಾಕು," ಎನ್ನುತ್ತಿದ್ದರು. ಮೊದಲು ಪಾದ, ಹಿಮ್ಮಡಿ, ಆಮೇಲೆ ಮೊಣಕಾಲು, ಸೊಂಟ... ಮೈ ಬೆಚ್ಚಗಾಗದೆ ಒಂದು ಹೆಜ್ಜೆ ಕುಣಿಸಿದವರಲ್ಲ.

ನಮ್ಮಜ್ಜಿ ಬೇಲಿಯಾಚೆಯಿಂದ ನೋಡಿ, "ಇದೇನವ್ವ ಕುಣ್ತ? ಗೂಟಕ್ಕೆ ಕಟ್ಟಿದ್ ಕರ ಒದ್ದಾಡ್ದಂಗೆ ಕಾಣ್ತದೆ ಕಣವ್ವ!" ಎಂದು ನಗುತ್ತಿದ್ದಳು. ಟೀಚರಮ್ಮನೂ ಜೊತೆಗೂಡಿ ನಗುತ್ತಿದ್ದರು.

ಆ ಚಳಿಗಾಲದಲ್ಲಿ ಶಾಲೆಗೆ ಮಂತ್ರಿ ಬರುವುದೆಂದಾಯಿತು. ಸ್ವಾಗತಕ್ಕೆ ನಮ್ಮ ಕುಣಿತ. ಕುಣಿಯುವ ಹುಡುಗಿಯರೇ ಆರತಿ ತಟ್ಟೆ ಹಿಡಿದು ನಿಲ್ಲಬೇಕೆಂದು ಶಾಲಾ ಕಮಿಟಿಯ ಅಧ್ಯಕ್ಷರ ಅಪ್ಪಣೆ. ಬೆಳಗಿನ ಏಳಕ್ಕೇ ನಿಲ್ಲಿಸಿದರು, ಮಂಜಿನಲ್ಲಿ, ಬರಿಗಾಲಲ್ಲಿ. ಕಾರು ಬಂದಾಗ ಒಂಬತ್ತೂವರೆ. ಕಾಲು ನಮ್ಮವೋ ಅಲ್ಲವೋ ತಿಳಿಯದಂತೆ ಮರಗಟ್ಟಿದ್ದವು.

"ಹತ್ತು ನಿಮಿಷ ಕೊಡಿ ಸರ್, ಮಕ್ಕಳ ಮೈ ಬಿಸಿಯಾಗಲಿ," ಟೀಚರಮ್ಮ ಕೈಮುಗಿದರು.

"ಮೈ ಬಿಸಿ ಮಾಡಾಕೆ ಒಲೆ ಹಚ್ಚುಸ್ಲೇನಮ್ಮ? ಮಿನಿಸ್ಟ್ರು ಕಾಯ್ತಾ ಅವ್ರೆ!" ಅಧ್ಯಕ್ಷರು ಗದರಿದರು.

ಎರಡೂವರೆ ಗಂಟೆ ನಮ್ಮನ್ನು ಕಾಯಿಸಿದ ದೊಡ್ಡಮನುಷ್ಯನಿಗೆ ಹತ್ತು ನಿಮಿಷ ಕಾಯುವ ಯೋಗ್ಯತೆ ಇರಲಿಲ್ಲ! ಟೀಚರಮ್ಮ ವೇದಿಕೆಯ ಮೆಟ್ಟಿಲಿಗೆ ಅಡ್ಡ ನಿಂತರು. ಅಧ್ಯಕ್ಷರು ಅವರನ್ನು ಪಕ್ಕಕ್ಕೆ ಸರಿಸಿ ನಮ್ಮನ್ನು ಹತ್ತಿಸಿದರು. ಮೊದಲ ಜಿಗಿತಕ್ಕೇ ನನ್ನ ಬಲಮೊಣಕಾಲು ಲಟಕ್ ಎಂದಿತು. ಬಿದ್ದೆ.

ಸಂಜೆ ನಮ್ಮ ಜಗಲಿಯಲ್ಲಿ ಜನ ಸೇರಿದರು. ಟೀಚರಮ್ಮನೂ ಬಂದು ನಿಂತಿದ್ದರು. ಅವರೆದುರಿಗೇ ಅಧ್ಯಕ್ಷರು ಅಪ್ಪನಿಗೆ, "ಗಳ ಇಡ್ಸಿ ಇಡ್ಸಿ ಮಗೀನ ಮೂಳೇನೆ ಸಡ್ಲ ಮಾಡ್ಬುಟ್ಟವ್ಳೆ ಕಣಪ್ಪ ಆವಮ್ಮ," ಎಂದರು.

ಅಪ್ಪ ನನ್ನ ಕಡೆ ತಿರುಗಿದರು. "ನಿಜ ಹೇಳವ್ವ, ಗಳ ಇಡ್ಕಂಡಾಗ್ಲೂ ನೋಯ್ತಿತ್ತಾ?"

ಒಂದು ದಿನವೂ ನೋವಾಗಿರಲಿಲ್ಲ. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ನಾನು ಹೂಂ ಎಂದು ತಲೆಯಾಡಿಸಿದೆ.

ಹನ್ನೆರಡು ವರ್ಷದ ಮಗು, ಹೆದರಿತ್ತು ಎಂದು ಯಾರಾದರೂ ಸಮಾಧಾನ ಹೇಳಿದರೆ ಅವರ ಮೇಲೂ ಸಿಟ್ಟು ಬರುತ್ತದೆ ನನಗೆ. ಇಷ್ಟು ವರ್ಷ ನಾನು ಅಧ್ಯಕ್ಷರಿಗೆ ಹಾಕಿದ ಶಾಪದಲ್ಲಿ ಅರ್ಧ ನನಗೇ ತಟ್ಟಬೇಕು.

ಮರುದಿನದಿಂದ ಯಾವ ತಾಯಿಯೂ ಮಗಳನ್ನು ಪಾಠಕ್ಕೆ ಕಳಿಸಲಿಲ್ಲ. ಸಾಹೇಬರು ವರ್ಗ ಕೇಳಿ ಪಡೆದರು. ಊರು ಬಿಡುವ ಮುನ್ನ ಟೀಚರಮ್ಮ ನಮ್ಮ ಮನೆಗೆ ಬಂದರೆ ಅಪ್ಪ ಒಳಗೆ ಕರೆಯಲಿಲ್ಲ. ಟೀಚರಮ್ಮ ಕಿಟಕಿಯಾಚೆ ನಿಂತೇ ನನಗೆ ಹೇಳಿದರು: "ಆತುರ ಮಾಡಬೇಡ ಪುಟ್ಟಿ. ಮೊದಲು ಕೂತು ಪಾದ ಆಡಿಸು. ನೋವಿಲ್ಲದಿದ್ದರೆ ಮಾತ್ರ ಗೋಡೆ ಹಿಡಿದು ಹಿಮ್ಮಡಿ ಎತ್ತು." ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ... ಅವರು ಹೇಳಿದಂತೆಯೇ ಮಾಡಿದೆ. ಇವತ್ತಿಗೂ ಅದೇ ಕಾಲಲ್ಲಿ ನಡೆಯುತ್ತಿದ್ದೇನೆ.

ಬ್ಯಾಲೆ ಕ್ಲಾಸು ನೋಡಿ ಬಂದ ವಾರದಲ್ಲೇ ಅವರಿವರನ್ನು ಕೇಳಿ ಟೀಚರಮ್ಮನ ಮನೆ ಹುಡುಕಿದೆ. ಮೈಸೂರಿನಲ್ಲೇ ಇತ್ತು. ಬಾಗಿಲು ತೆಗೆದವರು ಸಾಹೇಬರು, ಕೋಲೂರಿಕೊಂಡು. ಟೀಚರಮ್ಮ ತೀರಿಹೋಗಿ ಆರು ವರ್ಷವಾಯಿತಂತೆ. ನಾನು ಅವರ ಶಿಷ್ಯೆ ಎಂದೆ. ಸಾಹೇಬರ ಮುಖ ಅರಳಿತು.

"ಹಾಗಾದರೆ ನೀವು ಬೆಟ್ಟದಪುರದ ಕಡೆಯವರೇ ಇರಬೇಕು. ಅಲ್ಲಿಂದ ಬಂದ ಮೇಲೆ ಅವಳು ಎಲ್ಲೂ ಕಲಿಸಲಿಲ್ಲಮ್ಮ."

ಆ ಸಂಜೆ ತಲೆಯಾಡಿಸಿದವಳು ನಾನೇ ಎಂದು ಹೇಳಿದೆ.  ಅವರು ನಾನು ತಂದಿದ್ದ ಹಣ್ಣಿನ ಚೀಲವನ್ನು ತಿರುಗಿ ನನ್ನ ಕೈಗೇ ಕೊಟ್ಟು, ಬಾಗಿಲು ಹಾಕಿಕೊಂಡರು.