ನಾನು ಬೊಟ್ಟಿಟ್ಟ ರಾಣಿಯರು

ನನಗೆ ಹೊಟ್ಟೆಕಿಚ್ಚು ಹತ್ತಿದ್ದು ಅರವತ್ತು ದಾಟಿದ ಮೇಲೆ, ಅದೂ ಮಾಗಡಿ ಕಡೆಯ ಒಬ್ಬ ಹೊಸ ಲೇಖಕನ ಮೇಲೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಉರಿದದ್ದು ನಿಜ.

ಮೂವತ್ತು ವರ್ಷ ನಾನು ಪತ್ರಿಕೆಗಳಿಗೆ ವೈಜ್ಞಾನಿಕ ಕಥೆ ಬರೆದೆ. ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರ ಕೆಲಸ, ಬಿಡುವಿನಲ್ಲಿ ಬೇರೆ ಗ್ರಹಗಳ ಸವಾರಿ. ಕರಡಿನಲ್ಲಿ ನನ್ನ ಪ್ರತಿ ಕಥೆಯೂ ಇಬ್ಬರು ಗಂಡಸರ ಪ್ರೀತಿಯದೇ. ಪತ್ರಿಕೆಗೆ ಕಳಿಸುವಾಗ ಮಾತ್ರ ಒಬ್ಬನನ್ನು ಹೆಂಗಸು ಮಾಡಿಬಿಡುತ್ತಿದ್ದೆ.

ಈ ವಿದ್ಯೆ ಕಲಿತದ್ದು ನನ್ನ ಗೆಳೆಯನ ಅಂಗಡಿಯಲ್ಲಿ. ಅವನು ಲೇತಿನಲ್ಲಿ ಆಲೆಮರ ಕಡೆದು ರಾಜ-ರಾಣಿ ಜೋಡಿಗೊಂಬೆ ಮಾಡುವವನು. ಎರಡಕ್ಕೂ ಒಂದೇ ಮೈ, ಒಂದೇ ಅಳತೆ. ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸಿ, ಕೊನೆಗೆ ಕುಂಚದಲ್ಲಿ ಒಂದಕ್ಕೆ ಮೀಸೆ, ಇನ್ನೊಂದಕ್ಕೆ ಬೊಟ್ಟು. ಅವರ ಮನೆಯಲ್ಲಿ ಉರ್ದು, ನಮ್ಮಿಬ್ಬರ ನಡುವೆ ಕನ್ನಡ. ಊರಿಗೆ ನಾವು ದೋಸ್ತಿಗಳು. ಅದಕ್ಕಿಂತ ಹೆಚ್ಚು ಎಂಬುದು ನಮಗಿಬ್ಬರಿಗೇ ಗೊತ್ತಿತ್ತು. ಕಥೆ ಅಚ್ಚಾದಾಗಲೆಲ್ಲ ಮೊದಲು ಅವನ ಕೈಗೇ ಕೊಡುತ್ತಿದ್ದೆ. ಓದಿ, "ಚೆನ್ನಾಗೈತೆ" ಎಂದು ಒಂದೇ ಮಾತು ಹೇಳಿ ಮತ್ತೆ ಲೇತಿಗೆ ಕೂರುತ್ತಿದ್ದ.

ಆಮೇಲೆ ಆ ಮಾಗಡಿಯವನ ಪುಸ್ತಕ ಬಂತು. ಇನ್ನೊಂದು ಗ್ರಹದಲ್ಲಿ ಇಬ್ಬರು ಗಂಡಸರು ಒಟ್ಟಿಗೆ ಸಂಸಾರ ಹೂಡಿ ರೇಷ್ಮೆ ಹುಳು ಸಾಕುತ್ತಾರೆ. ಬೊಟ್ಟಿಲ್ಲ, ಮುಚ್ಚುಮರೆಯಿಲ್ಲ. ನನ್ನ ಗೆಳೆಯ ಅದನ್ನು ಎರಡು ಸಲ ಓದಿದ.

"ಏನ್ ಬರ್ದವ್ನೆ ಕಣ್ಲಾ! ಒಂದ್ ಕಡೆ ಅತ್ಬುಟ್ಟೆ," ಎಂದ.

ನನ್ನ ಒಂದು ಕಥೆಗೂ ಅವನ ಕಣ್ಣು ಒದ್ದೆಯಾಗಿರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ರಾಮನಗರದಲ್ಲಿ ಆ ಪುಸ್ತಕದ ಬಗ್ಗೆ ಮಾತಾಡಲು ಹಿರಿಯರೆಂದು ನನ್ನನ್ನೇ ಕರೆದರು. ತಪ್ಪು ಹುಡುಕಿಟ್ಟುಕೊಂಡೇ ಹೋದೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದ ಮೇಲೆಯೇ ಹುಳು ಹಣ್ಣಾಗಿ ಗೂಡು ಕಟ್ಟುವುದು. "ಲೇಖಕರ ಹುಳು ಮೂರೇ ಜ್ವರಕ್ಕೆ ಗೂಡು ಕಟ್ಟಿದೆ. ಬಹಳ ಅವಸರದ ಹುಳು," ಎಂದೆ. ಸಭೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನ ರೇಷ್ಮೆಯವರೇ. ಬಿದ್ದು ಬಿದ್ದು ನಕ್ಕರು. ಲೇಖಕನ ಮುಖ ಸಣ್ಣದಾಯಿತು. ಆದರೂ ಕೊನೆಯಲ್ಲಿ ಬಂದು ನನ್ನ ಕಾಲು ಮುಟ್ಟಿ, "ನಿಮ್ಮ ಕಥೆ ಓದೇ ಸಾರ್ ನಾನು ಬರೆಯೋದು ಕಲ್ತಿದ್ದು," ಎಂದ. ಅದಕ್ಕೂ ಉರಿಯಿತು.

ಸಭೆಗೆ ನನ್ನ ಜೊತೆಗೇ ಬಂದಿದ್ದ ಗೆಳೆಯ ಹಿಂದಿರುಗುವ ಬಸ್ಸಿನಲ್ಲಿ ಪಕ್ಕದಲ್ಲೇ ಕೂತ.

"ಜ್ವರ ಎಣಿಸ್ದೆಯಲ್ಲ, ಈಗ ಒಸಿ ತಣ್ಣಗಾಯ್ತಾ?" ಎಂದ.

"ಅವನ ಪುಸ್ತಕಕ್ಕೆ ಅಳ್ತೀಯ. ನನ್ನ ಕಥೆಗೆ ಒಂದು ದಿನವಾದರೂ ಅತ್ತಿದ್ದೀಯಾ?" ಎಂದುಬಿಟ್ಟೆ.

ಅವನು ಎಡಗೈ ಚಾಚಿದ. ಹೆಬ್ಬೆರಳ ಮೇಲೆ ಬಿಸಿ ಅರಗು ತಾಗಿ ಆದ ಹಳೆಯ ಸುಟ್ಟ ಕಲೆ.

"ನಿನ್ ಕಥೆ ಹುಡ್ಗೀರಿಗೆಲ್ಲಾ ಈ ಕಲೆ ಇಟ್ಟಿದ್ದೀಯ. ಅವ್ಳು ನಾನೇ ಅಂತ ಮೊದಲ್ನೇ ಕಥೇಲೇ ಗೊತ್ತಾಯ್ತು. ಮುಂದಿನ್ ಕಥೇಲಾದ್ರೂ ಬೊಟ್ಟು ಅಳಿಸ್ತಾನೆ ಅಂತ ಮೂವತ್ ವರ್ಷ ಕಾದೆ ಕಣ್ಲಾ. ಅವ್ನ್ಯಾರೋ, ನನ್ ಮುಖಾನೂ ಕಂಡಿಲ್ಲ. ಅವ್ನ್ ಪುಸ್ತಕದಾಗೆ ನಾನು ಗಂಡ್ಸಾಗೇ ಇದ್ದೆ."

ಚನ್ನಪಟ್ಟಣ ಬಂದರೂ ನನಗೆ ಏಳಲು ತೋಚಲಿಲ್ಲ, ಅವನೇ ತೋಳು ಹಿಡಿದು ಇಳಿಸಿದ.

ಮರುದಿನ ಟ್ರಂಕಿನಲ್ಲಿದ್ದ, ಬೊಟ್ಟಿಡುವ ಮೊದಲಿನ ಹಳೆಯ ಕರಡುಗಳನ್ನೆಲ್ಲ ಕಟ್ಟಿಕೊಂಡು ಅವನ ಅಂಗಡಿಗೆ ಹೋದೆ. ಒಂದು ಪುಟ ಓದಿ ಲೇತ್ ನಿಲ್ಲಿಸಿದ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಕೊನೆಗೂ ನನ್ನ ಕಥೆಗೆ ಅತ್ತ. ಆದರೆ ಅವನನ್ನು ಮೊದಲು ಅಳಿಸಿದವನು ಆ ಮಾಗಡಿಯವನಲ್ಲವೇ? ಆ ಉರಿ ಇವತ್ತಿಗೂ ಆರಿಲ್ಲ.